ಕಚೇರಿಗಳ ಸಂಧಿಕಾರ್ಯ

ಈ ಶೀರ್ಷಿಕೆಯನ್ನು ಕಂಡು ವ್ಯಾಕರಣದ ಲೇಖನವೆಂದು ವಾಚಕರು ಪುಟ ಮಗುಚದಿರಲಿ. ನಾನು ವಿವರಿಸಹೊರಟಿರುವುದು ಗಣಕಯಂತ್ರದ ಒಂದು ವಿದ್ಯೆಯನ್ನು. ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳಲ್ಲಿ ಅನೇಕರು ಮುಂದೆ ಎಂಜಿನಿಯರಿಂಗ್ ವ್ಯಾಸಂಗಕ್ಕೆ ತೊಡಗುತ್ತಾರೆ. 1980ರಲ್ಲಿ ಶಿವಮೊಗ್ಗದಲ್ಲಿಯೇ ಜವಾಹರಲಾಲ್ ನೆಹರು ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದ ಮೇಲೆ ಅದಕ್ಕಾಗಿ ದೂರ ಹೋಗಲೇಬೇಕೆಂಬ ಕಷ್ಟವೂ ತಪ್ಪಿತು. ಹಾಗೆ ಓದಿ ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಈಗ ಹೊಸಬರಿಗೆ ತರಬೇತಿ ಕೊಡುತ್ತಿರುವ ಶಿಷ್ಯನೊಬ್ಬನನ್ನು ಅವನ ಕೆಲಸವೇನೆಂದು ಕೇಳಿದೆನು. "ವ್ಯವಹಾರ ಪ್ರಕ್ರಿಯೆಗಳನ್ನು ಸಂಯೋಜಿಸುವ ತಂತ್ರಾಂಶದ ರಚನೆ" ಎಂದನು. ಪದಗಳೆಲ್ಲವೂ ತಿಳಿದವೇ, ಅರ್ಥ ಮಾತ್ರ ಆಗಲಿಲ್ಲ. ಅವನು ಎರಡು ಸಂಜೆ ಕುಳಿತು ತಿಳಿಸಿದುದನ್ನೂ ನಾನು ಓದಿಕೊಂಡುದನ್ನೂ ಇಲ್ಲಿ ನಿವೇದಿಸುತ್ತೇನೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೆನೆಯೋಣ. 1923ರಲ್ಲಿ ಅಲ್ಲಿ ಉತ್ಪಾದನೆ ತೊಡಗಿದಾಗ ಅದಿರು ಬಂದುದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನ ಸೌದೆಯಿಂದ. ಅಂಥ ಯಾವುದೇ ದೊಡ್ಡ ಉದ್ಯಮದಲ್ಲಿ ಗಣಿಗೊಂದು, ಕುಲುಮೆಗೊಂದು, ಉಗ್ರಾಣಕ್ಕೊಂದು, ಮಾರಾಟಕ್ಕೊಂದು ಲೆಕ್ಕದ ಪುಸ್ತಕವಿರುವುದು ಸಹಜ. ಒಂದು ಪುಸ್ತಕದ ಸಂಗತಿ ಇನ್ನೊಂದಕ್ಕೆ ಹೋಗಬೇಕಾದರೆ ಚೀಟಿಯನ್ನು ಒಯ್ಯಲು ಜವಾನನೂ ಅದನ್ನು ಓದಿ ತನ್ನ ಪುಸ್ತಕದ ಕ್ರಮಕ್ಕೆ ತಿರುಗಿಸಿ ಬರೆದುಕೊಳ್ಳಲು ಗುಮಾಸ್ತನೂ ಬೇಕು. ಈಗ ಪುಸ್ತಕಗಳ ಸ್ಥಾನದಲ್ಲಿ ಗಣಕಗಳು ಬಂದಿವೆ. ಆದರೆ ಒಂದೊಂದು ವಿಭಾಗವೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರಿಂದ ಅವನ್ನು ಮಾಡಿಸಿಕೊಂಡ ಕಾರಣ ಒಂದರ ನುಡಿ ಇನ್ನೊಂದಕ್ಕೆ ತಿಳಿಯದು. ಜವಾನ ಗುಮಾಸ್ತರಿಬ್ಬರ ಕೆಲಸವನ್ನೂ ಮಾಡುವ ತಂತ್ರಾಂಶವೇ ಸಂಯೋಜನೆಯ ತಂತ್ರಾಂಶ. ಇದಕ್ಕೆಂದು ಸಮಾನ ಲಿಪಿಯಂತಿರುವ ಎಕ್ಸ್‌ಎಂಎಲ್ 1998ರಲ್ಲಿ ಅಂಗೀಕೃತವಾಯಿತು. ಕೆಲಸದ ಹೆಜ್ಜೆಗಳ ಕ್ರಮವನ್ನು ನಿರೂಪಿಸುವ ಬಿಪೆಲ್ ಎಂಬ ಭಾಷೆಯ ಎರಡನೆಯ ಆವೃತ್ತಿ 2007ರಲ್ಲಿ.

ನಮ್ಮ ರೈತರಿಗೆ ಇದರ ನಿದರ್ಶನ ಪಹಣಿಯಲ್ಲಿಯೇ ಇದೆ. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ತಂತ್ರಾಂಶ ಕಂದಾಯ ಇಲಾಖೆಯದು. ಕ್ರಯಪತ್ರಗಳ ನೋಂದಣಿಗಿರುವ 'ಕಾವೇರಿ' ಇನ್ನೊಂದು ಇಲಾಖೆಯದು. ಮೊದಲು ಜಮೀನಿನ ಕ್ರಯ ನೋಂದಣಿಯಾದ ಬಳಿಕ ಅದರ ಸೂಚನೆ ಕಾಗದದಲ್ಲಿ ತಾಲ್ಲೂಕು ಕಚೇರಿಗೆ ಹೋಗಬೇಕಾಗಿತ್ತು. ಎರಡು ತಂತ್ರಾಂಶಗಳೂ ಕೂಡಿದ ಮೇಲೆ ನೋಂದಣಿಯ ವಿವರವೇ ನೇರವಾಗಿ ಹರಿದು ಖಾತೆ ಬದಲಾವಣೆಯನ್ನು ಆರಂಭಿಸುತ್ತದೆ. 2023ರಲ್ಲಿ ಬಂದ 'ಕಾವೇರಿ-2' ಶುಲ್ಕಪಾವತಿಯ 'ಖಜಾನೆ-2'ರೊಂದಿಗೂ ಕೂಡಿಕೊಂಡಿದೆ.

ಕೂಡುವುದೇನೋ ಸರಿ, ಹೇಗೆ ಕೂಡಬೇಕೆಂಬುದೇ ಕಲಿಯಬೇಕಾದ ವಿದ್ಯೆ. ನನ್ನ ತೀರ್ಥರೂಪರ ಹೆಸರಿನ ಆದಿಯಲ್ಲಿ 'ಸಿದ್ಧ' ಶಬ್ದವುಂಟು. ಒಂದು ದಾಖಲೆಯಲ್ಲಿ ಅದು ಮಹಾಪ್ರಾಣವಾಗಿಯೂ ಮತ್ತೊಂದರಲ್ಲಿ 'ಸಿದ್ದ' ಎಂದು ಅಲ್ಪಪ್ರಾಣವಾಗಿಯೂ ಇದ್ದಿತು. ಯಂತ್ರದ ದೃಷ್ಟಿಗೆ ಅವರು ಇಬ್ಬರಾದರು. ಜೀವಮಾನವೆಲ್ಲ ಮಕ್ಕಳಿಗೆ ಒತ್ತಕ್ಷರ ತಿದ್ದಿದ ನಾನು, ತಂದೆಯವರು ಒಬ್ಬರೇ ಎಂದು ಪ್ರಮಾಣಪತ್ರ ಬರೆದುಕೊಟ್ಟು ಏಳು ತಿಂಗಳು ಅಲೆದೆನು.

ಇದನ್ನು ಕೇಳಿ ಶಿಷ್ಯನು ನಗಲಿಲ್ಲ. ಹೊಸಬರು ಎಡವುವುದು ಯಂತ್ರಭಾಷೆಯಲ್ಲಲ್ಲ, ಇಂಥ ಕಡೆಗಳಲ್ಲಿ ಎಂದನು. ಆದ್ದರಿಂದ ಅವನು ಮೊದಲ ವಾರ ಅವರಿಗೆ ಯಂತ್ರವನ್ನು ಮುಟ್ಟಗೊಡುವುದಿಲ್ಲವಂತೆ. ಒಂದು ಅರ್ಜಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ಅದರ ಹಿಂದೆಯೇ ನಡೆದು ಬರೆದು ತರಬೇಕು. ಬಳಿಕ ಎರಡೂ ಕಡೆಯ ಶಬ್ದಗಳನ್ನು ಎದುರುಬದುರು ಇರಿಸುವ ಕೋಷ್ಟಕ. ನಾನು ಹೇಳಿದೆ: ಇದು ನಮ್ಮ ಸಂಧಿಯೇ. ಊರು, ಊರು ಸೇರಿ 'ಊರೂರು' ಆಗುವಾಗ ಒಂದು ಸ್ವರ ಲೋಪವಾಗುತ್ತದೆ. 'ಮನೆಯನ್ನು' ಎಂಬಲ್ಲಿ ಯಕಾರ ನಡುವೆ ಆಗಮಿಸುತ್ತದೆ. 'ಮಳೆಗಾಲ'ದಲ್ಲಿ ಕಕಾರದ ಸ್ಥಾನಕ್ಕೆ ಗಕಾರ ಆದೇಶವಾಗಿ ಬರುತ್ತದೆ. ಹಾಗೆಯೇ ಒಂದು ಕಚೇರಿಯ ವಿವರ ಇನ್ನೊಂದಕ್ಕೆ ಹೋಗುವಾಗ ಏನು ಬಿಡಬಹುದು, ಏನನ್ನು ಸೇರಿಸಬೇಕು, ಯಾವುದರ ಬದಲು ಯಾವುದು ಎಂದು ಮೊದಲೇ ಗೊತ್ತುಮಾಡಬೇಕು. ಸಂಧಿಮಾಡಬಾರದ ಪ್ರಕೃತಿಭಾವದ ಸ್ಥಳಗಳೂ ಉಂಟು. ತೆರಬೇಕಾದ ಹಣದ ಮೊತ್ತ ಯಾವ ಕಾರಣಕ್ಕೂ ವಿಕಾರಹೊಂದಕೂಡದು. ಶಿಷ್ಯನು ಇದನ್ನು ಬರೆದುಕೊಂಡನು.

ಇನ್ನೊಂದು ಕಠಿನ ಪಾಠ ಕಾಯುವುದು. ಖಾತೆ ಬದಲಾವಣೆಯಲ್ಲಿ ಆಕ್ಷೇಪಣೆಗೆ ಕಾಲಾವಕಾಶವಿರಬೇಕಷ್ಟೆ. ಆ ದಿನಗಳೆಲ್ಲ ಯಂತ್ರ ಎವೆಯಿಕ್ಕದೆ ನಿಂತಿರಲಾರದು. ನಡುವೆ ವಿದ್ಯುತ್ತೂ ಹೋದೀತು. ಆದುದರಿಂದ ತಾನು ಎಲ್ಲಿಯವರೆಗೆ ಬಂದೆನೆಂದು ಗುರುತು ಬರೆದಿಟ್ಟು ಮಲಗಬೇಕು. ಉತ್ತರ ಬಂದಾಗ ಅದು ಯಾವ ಅರ್ಜಿಯದೆಂದು ಸಂಖ್ಯೆಯಿಂದ ಗುರುತಿಸಿ ಎಚ್ಚರಗೊಳ್ಳಬೇಕು. ತಂತಿ ಕಡಿದು ಒಂದೇ ಸಂದೇಶ ಎರಡು ಸಲ ಬಂದರೆ ಎರಡು ಖಾತೆ ಮಾಡಬಾರದು. ಶುಲ್ಕ ಸಂದು ನೋಂದಣಿ ನಿಂತುಹೋದರೆ ಪಾವತಿಯ ದಾಖಲೆಯನ್ನು ಅಳಿಸಕೂಡದು, ಮರುಪಾವತಿಯ ಹೊಸ ದಾಖಲೆ ಬರೆಯಬೇಕು. ಹಳೆಯ ಶ್ಯಾನುಭೋಗರಿಗೂ ಈ ಶಿಸ್ತು ಗೊತ್ತಿದ್ದಿತು. ಅವರು ತಪ್ಪಿದ ಅಂಕೆಯನ್ನು ಕೆರೆಯುತ್ತಿರಲಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಬರೆಯುತ್ತಿದ್ದರು.

ಹೊರಡುವಾಗ ಶಿಷ್ಯನು ನನ್ನ ಎರಡು ದಾಖಲೆಗಳ ಪ್ರತಿಗಳನ್ನು ಕೇಳಿ ಪಡೆದು, ತನ್ನ ತರಗತಿಗೆ ಮೊದಲ ಅಭ್ಯಾಸವಾಗಿ ಕೊಟ್ಟನು. ಆಮೇಲೆ ಪತ್ರ ಬರೆದಿದ್ದಾನೆ. ಕನ್ನಡ ಓದಲು ಬಾರದ ಹೊರರಾಜ್ಯದ ಹುಡುಗಿಯೊಬ್ಬಳು ಅಕ್ಷರಗಳ ಆಕಾರ ನೋಡಿಯೇ ವ್ಯತ್ಯಾಸವನ್ನು ಕ್ಷಣದಲ್ಲಿ ಹಿಡಿದಳಂತೆ. ಕನ್ನಡದ ಹುಡುಗರೆಲ್ಲರೂ ಎರಡನ್ನೂ ಒಂದೇ ಎಂದು ಓದಿ ಮುಂದೆ ಹೋದರಂತೆ.