ಕೊರಿಯಾದ ಕಾವಲುಗಡಿಯಲ್ಲಿ ಒಂದು ದಿನ

ಪ್ರವಾಸವೆಂದರೆ ಕಣ್ಣಿಗೆ ಹಬ್ಬ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಗುಡಿ, ಕೋಟೆ, ನದಿ, ಜಲಪಾತಗಳ ವಿಷಯದಲ್ಲಿ ಆ ಮಾತು ನಿಜವೂ ಹೌದು. ಆದರೆ ಜನರ ದುಃಖದಿಂದಲೇ ಹುಟ್ಟಿ, ಆ ದುಃಖ ಇನ್ನೂ ಆರದಿರುವ ಕೆಲವು ಸ್ಥಳಗಳು ಲೋಕದಲ್ಲಿವೆ. ಅಲ್ಲಿಗೂ ಪ್ರವಾಸಿಗರು ಟಿಕೆಟು ಕೊಂಡು ಹೋಗುತ್ತಾರೆ. ಅಂಥ ಸ್ಥಳವನ್ನು ಯಾವ ಮನಸ್ಸಿನಿಂದ ನೋಡಬೇಕು? 2023ರ ಅಕ್ಟೋಬರಿನಲ್ಲಿ ಕೊರಿಯಾದ ಗಡಿಯನ್ನು ಕಂಡು ಬಂದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನ್ನ ಅಳಿಯ ಉದ್ಯೋಗನಿಮಿತ್ತ ದಕ್ಷಿಣ ಕೊರಿಯಾದ ಸುವೋನ್ ನಗರದಲ್ಲಿದ್ದಾನೆ. ಮಗಳ ಒತ್ತಾಯಕ್ಕೆ ಮಣಿದು ಒಂದು ತಿಂಗಳು ಅಲ್ಲಿದ್ದೆ. "ಅಪ್ಪಾಜಿ, ಇಲ್ಲಿಗೆ ಬಂದವರೆಲ್ಲ ಗಡಿ ನೋಡದೆ ಹೋಗುವುದಿಲ್ಲ" ಎಂದು ಅವಳೇ ರಾಜಧಾನಿ ಸೋಲ್‌ನಿಂದ ಹೊರಡುವ ಪ್ರವಾಸಿ ಬಸ್ಸಿನಲ್ಲಿ ಸ್ಥಳ ಕಾದಿರಿಸಿದಳು. ಒಂಬತ್ತು ವರ್ಷದ ಮೊಮ್ಮಗನೂ ಜೊತೆಯಾದ.

ಹೆಸರೊಂದು, ಸ್ಥಿತಿಯೊಂದು

ಒಂದೇ ಭಾಷೆಯನ್ನಾಡುವ ಒಂದೇ ಜನಾಂಗ ಎರಡಾದುದು 1945ರಲ್ಲಿ. ಜಪಾನಿನ ಆಳ್ವಿಕೆ ಕೊನೆಗೊಂಡಾಗ, ಅಮೆರಿಕ ಮತ್ತು ಸೋವಿಯೆತ್ ಒಕ್ಕೂಟಗಳು 38ನೆಯ ಅಕ್ಷಾಂಶವನ್ನು ಗೆರೆಯಾಗಿಟ್ಟು ಆ ದೇಶವನ್ನು ಹಂಚಿಕೊಂಡು ನಿಂತವು. 1950ರ ಜೂನ್ 25ರಂದು ಉತ್ತರದ ಸೇನೆ ದಕ್ಷಿಣಕ್ಕೆ ನುಗ್ಗಿತು. ಮೂರು ವರ್ಷಗಳ ಘೋರ ಯುದ್ಧದಲ್ಲಿ ಲಕ್ಷಾಂತರ ಜನ ಮಡಿದರು. 1953ರ ಜುಲೈ 27ರಂದು ಪನ್‌ಮುಂಜೋಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಅದು ವಿರಾಮವೇ ಹೊರತು ಶಾಂತಿ ಒಪ್ಪಂದವಲ್ಲ. ಅಂಥ ಒಪ್ಪಂದ ಇಂದಿಗೂ ಆಗಿಲ್ಲ.

ಆ ದಿನ ಎಳೆದ ಗೆರೆಯಿಂದ ಎರಡೂ ಸೇನೆಗಳು ತಲಾ ಎರಡು ಕಿಲೋಮೀಟರು ಹಿಂದೆ ಸರಿದವು. ಹೀಗೆ ನಾಲ್ಕು ಕಿಲೋಮೀಟರು ಅಗಲ, ಸುಮಾರು 250 ಕಿಲೋಮೀಟರು ಉದ್ದದ ಪಟ್ಟಿಯೊಂದು ಕಡಲಿನಿಂದ ಕಡಲಿನವರೆಗೆ ಹರಡಿದೆ. ಅದರ ಹೆಸರು 'ಸೇನಾರಹಿತ ವಲಯ'. ಆದರೆ ಅದರ ಎರಡೂ ಅಂಚುಗಳಲ್ಲಿರುವ ಮುಳ್ಳುತಂತಿ, ನೆಲಬಾಂಬು ಮತ್ತು ಸೈನಿಕರನ್ನು ನೆನೆದರೆ, ಹೆಸರಿಗೂ ಸ್ಥಿತಿಗೂ ಇಷ್ಟು ಅಂತರವಿರುವ ಜಾಗ ಇನ್ನೊಂದಿರಲಾರದು.

ನೆಲದಡಿಯ ದಾರಿ

ಬಸ್ಸು ಮೊದಲು ಇಮ್‌ಜಿನ್‌ಗಾಕ್ ಎಂಬಲ್ಲಿ ನಿಂತಿತು. ಒಂದೆಡೆ ಮಕ್ಕಳ ಆಟದ ಉದ್ಯಾನ, ರಾಟೆ, ಅಂಗಡಿಗಳು. ಇನ್ನೊಂದೆಡೆ ತುಕ್ಕು ಹಿಡಿದ ರೈಲು ಎಂಜಿನ್ನು. 1950ರ ಡಿಸೆಂಬರಿನಲ್ಲಿ ನಾಶವಾದ ಅದರ ಮೈಮೇಲೆ ಸಾವಿರಕ್ಕೂ ಹೆಚ್ಚು ಗುಂಡೇಟಿನ ಗುರುತುಗಳಿವೆ. ಪಕ್ಕದಲ್ಲಿ 'ಸ್ವಾತಂತ್ರ್ಯದ ಸೇತುವೆ'. ಯುದ್ಧ ನಿಂತ ಮೇಲೆ ಸೆರೆಯಾಳುಗಳು ಆ ದಾರಿಯಾಗಿ ಮರಳಿ ಬಂದರಂತೆ. ಅಲ್ಲಿನ ತಂತಿಬೇಲಿಗೆ ಜನ ಬಣ್ಣಬಣ್ಣದ ಪಟ್ಟಿಗಳ ಮೇಲೆ ಹಾರೈಕೆ ಬರೆದು ಕಟ್ಟಿದ್ದಾರೆ. ನಾವೂ ಎಲ್ಲರಂತೆ ಚಿತ್ರ ತೆಗೆಸಿಕೊಂಡೆವು, ಎಲ್ಲರಂತೆ ನಗುತ್ತಲೇ ನಿಂತೆವು.

ಮುಂದೆ ಸೈನಿಕನೊಬ್ಬ ಬಸ್ಸನ್ನೇರಿ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಪರೀಕ್ಷಿಸಿದ. ಅಲ್ಲಿಂದಾಚೆ ಹೇಳಿದ ಕಡೆ ಮಾತ್ರ ಇಳಿಯಬೇಕು, ಹೇಳಿದ ಕಡೆ ಮಾತ್ರ ಚಿತ್ರ ತೆಗೆಯಬೇಕು. 1978ರಲ್ಲಿ ಪತ್ತೆಯಾದ 'ಮೂರನೆಯ ಸುರಂಗ'ವನ್ನು ಶಿರಸ್ತ್ರಾಣ ಧರಿಸಿ ಇಳಿದೆವು. ಉತ್ತರದವರು ಗಡಿಯ ಕೆಳಗೆ ಗುಟ್ಟಾಗಿ ಕೊರೆದ ಇದು ಸುಮಾರು 1,635 ಮೀಟರು ಉದ್ದ, ನೆಲದಿಂದ 73 ಮೀಟರು ಆಳ. ಪತ್ತೆಯಾದಾಗ ಅವರು ಇದನ್ನು ಕಲ್ಲಿದ್ದಲ ಗಣಿ ಎಂದರಂತೆ. ಅದಕ್ಕೆ ಸಾಕ್ಷಿಯಾಗಿ ಗ್ರಾನೈಟ್ ಬಂಡೆಗೆ ಕಪ್ಪು ಬಳಿದಿದ್ದರೆಂದು ಮಾರ್ಗದರ್ಶಿ ತಿಳಿಸಿದಳು. ಮರಳುವಾಗಿನ ಏರು ಕಡಿದು. ಹೃದ್ರೋಗ, ಉಬ್ಬಸ, ಮೊಣಕಾಲು ನೋವು ಇರುವ ಹಿರಿಯರು ಮೇಲೆಯೇ ಉಳಿಯುವುದು ಲೇಸು.

ದುರ್ಬೀನಿನ ಮುಂದೆ

ದೊರಾ ವೀಕ್ಷಣಾಲಯದಿಂದ ಉತ್ತರ ಕೊರಿಯಾ ಕಾಣುತ್ತದೆ. ಬೋಳು ಗುಡ್ಡಗಳು, ಕೊಯ್ಲಿಗೆ ಬಂದ ಗದ್ದೆಗಳು, ದೂರದಲ್ಲಿ ಕೇಸಾಂಗ್ ನಗರ. ಗಡಿಯಾಚೆಯ ಹಳ್ಳಿಯಲ್ಲಿ 160 ಮೀಟರು ಎತ್ತರದ ಧ್ವಜಸ್ತಂಭ. ಈಚೆಯ ಹಳ್ಳಿಯಲ್ಲಿ ಸುಮಾರು 100 ಮೀಟರಿನದು. ಈಚೆಯವರು ಎತ್ತರಿಸಿದರೆಂದು ಆಚೆಯವರು ಇನ್ನೂ ಎತ್ತರಿಸಿದರು.

ನಾನು ಮೊಮ್ಮಗನನ್ನು ಎತ್ತಿ ಹಿಡಿದು, "ನೋಡು ಮರಿ, ಅದೇ ಶತ್ರುದೇಶ" ಎಂದೆ. ಅವನು ದುರ್ಬೀನಿಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಜ್ಜಾ, ಅಲ್ಲಿ ಒಬ್ಬರು ಸೈಕಲ್ ಮೇಲೆ ಹೋಗ್ತಾ ಇದ್ದಾರೆ. ಅವರು ಯಾರಿಗೆ ಶತ್ರು?" ನನ್ನಲ್ಲಿ ಉತ್ತರವಿರಲಿಲ್ಲ. ಆರು ದಶಕ ಓದಿ ಬರೆದವನು ಒಂದು ಹಗುರ ಮಾತನ್ನಾಡಿ, ಮಗುವಿನ ಮುಂದೆ ತಲೆತಗ್ಗಿಸಿದೆ.

ಆ ಹೊತ್ತಿನಲ್ಲಿ ನೆನಪಾದವರು ನಮ್ಮ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರು. ಕದನವಿರಾಮವಾದಾಗ 22,000ಕ್ಕೂ ಹೆಚ್ಚು ಸೆರೆಯಾಳುಗಳು ತಮ್ಮ ತಮ್ಮ ನಾಡಿಗೆ ಮರಳಲು ಒಪ್ಪಲಿಲ್ಲ. ಅವರ ವಿಚಾರಣೆಗೆಂದು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷಸ್ಥಾನ ವಹಿಸಿತು. ತಿಮ್ಮಯ್ಯನವರು ಆ ಪೀಠದಲ್ಲಿ ಕುಳಿತರು. ಭಾರತದ ಯೋಧರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣದ ಅಧ್ಯಕ್ಷರು ಹಟ ಹಿಡಿದಾಗ, ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಅವರನ್ನು ನೇರವಾಗಿ ಈ ವಲಯಕ್ಕೇ ಇಳಿಸಬೇಕಾಯಿತು. ಎರಡೂ ಪಕ್ಷಗಳ ಸಂಶಯದ ನಡುವೆ ನಮ್ಮವರು ಸೆರೆಯಾಳುಗಳನ್ನು ಕಾದರು. ಎರಡೂ ಕಡೆಗೆ ಹೋಗಲೊಲ್ಲದ 88 ಮಂದಿ 1954ರಲ್ಲಿ ಭಾರತಕ್ಕೇ ಬಂದರು. ಶತ್ರು ಯಾರೆಂದು ಕೇಳದೆ, ಎದುರಿಗಿರುವವನಿಗೆ ಏನು ಬೇಕೆಂದು ಕೇಳುವುದೇ ಅಂದು ನಮ್ಮವರಿಗೆ ಒಪ್ಪಿಸಿದ್ದ ಕೆಲಸ. ಮುಂದೆ ಇಬ್ಭಾಗದ ಅಂಚಿನಲ್ಲಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗಲೇ, 1965ರಲ್ಲಿ, ತಿಮ್ಮಯ್ಯನವರು ಕಾಲವಾದರು.

ಉತ್ತರಕ್ಕೆ ಮುಖಮಾಡಿದ ವೇದಿಕೆ

ಸಂಜೆ ಬಸ್ಸು ಮತ್ತೆ ಇಮ್‌ಜಿನ್‌ಗಾಕ್‌ನಲ್ಲಿ ನಿಂತಿತು. ಬೆಳಿಗ್ಗೆ ನಾವು ಗಮನಿಸದೆ ದಾಟಿದ್ದ ಕಲ್ಲಿನ ವೇದಿಕೆಯೊಂದರ ಮುಂದೆ ವೃದ್ಧರೊಬ್ಬರು ನಿಂತಿದ್ದರು. ಅದು 1985ರಲ್ಲಿ ಕಟ್ಟಿದ 'ಮಂಗ್‌ಬೇದಾನ್'. ಉತ್ತರದಲ್ಲಿ ಊರು ಬಿಟ್ಟು ಬಂದವರು ಹಿರಿಯರ ಸಮಾಧಿಗೆ ಹೋಗಲಾರದೆ, ಹಬ್ಬಗಳಂದು ಇಲ್ಲಿಂದಲೇ ಆ ದಿಕ್ಕಿಗೆ ನಮಸ್ಕರಿಸುತ್ತಾರೆ. ವೃದ್ಧರು ಒಂದು ಸೇಬುಹಣ್ಣನ್ನಿಟ್ಟು, ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಹಿಂದಿನಿಂದ ಉದ್ಯಾನದ ರಾಟೆಯ ಸಂಗೀತ ಕೇಳಿಬರುತ್ತಿತ್ತು. ನಮ್ಮ ಮಗುವೂ ಯಾರೂ ಹೇಳದೆಯೇ ಕೈಮುಗಿಯಿತು.

ಬಂಧುಗಳನ್ನು ಕಾಣಬೇಕೆಂದು ದಕ್ಷಿಣದಲ್ಲಿ ಹೆಸರು ನೋಂದಾಯಿಸಿದವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಕಾದು ಕಾದು ತೀರಿಕೊಂಡಿದ್ದಾರೆ. 2000ದಿಂದ ಆಗೊಮ್ಮೆ ಈಗೊಮ್ಮೆ ನಡೆದ ಭೇಟಿಗಳಲ್ಲಿ ಕೊನೆಯದು ನಡೆದದ್ದು 2018ರ ಆಗಸ್ಟಿನಲ್ಲಿ. ನಾನು ಮರಳಿ ಬಂದ ಮರುವರ್ಷ, 2024ರ ಅಕ್ಟೋಬರಿನಲ್ಲಿ, ದಕ್ಷಿಣಕ್ಕೆ ಕೂಡಿಸುವ ರಸ್ತೆಗಳನ್ನು ಉತ್ತರದವರು ಸಿಡಿಸಿದರೆಂಬ ಸುದ್ದಿ ಓದಿದಾಗ ಆ ವೃದ್ಧರ ಬಾಗಿದ ಬೆನ್ನು ಕಣ್ಮುಂದೆ ಬಂತು.

ಹಾಗಾದರೆ ಇಂಥ ಸ್ಥಳಕ್ಕೆ ಹೋಗಲೇಬಾರದೇ? ಹೋಗಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಸಾವಿನ ಮನೆಗೆ ಹೋದವರು ಹೇಗೆ ದನಿ ತಗ್ಗಿಸಿ ಮಾತನಾಡುತ್ತಾರೋ ಹಾಗೆ ಹೋಗಬೇಕು. ಇಂದು ಮಕ್ಕಳು ವಿದೇಶಗಳಲ್ಲಿ ನೆಲೆಸಿರುವ ಮನೆಗಳು ನಮ್ಮಲ್ಲಿ ಬಹಳ. ಇಂಥ ಗಡಿಯನ್ನು ಕಾಣುವ ಅವಕಾಶ ಓದುಗರಲ್ಲಿ ಹಲವರಿಗೆ ಒದಗಬಹುದು. ಹೊರಡುವ ಮುನ್ನ ಅಲ್ಲಿನ ಇತಿಹಾಸವನ್ನು ಸ್ವಲ್ಪ ಓದಿಕೊಳ್ಳಿ. ಜೊತೆಗೆ ಮಕ್ಕಳಿದ್ದರೆ, ಯಾರು ಶತ್ರು ಎಂದು ಹೇಳಿಕೊಡುವ ಅವಸರ ಬೇಡ. ಅಲ್ಲಿ ಯಾರು ಯಾರನ್ನು ಅಗಲಿದ್ದಾರೆ ಎಂಬುದನ್ನು ತಿಳಿಸಿದರೆ ಸಾಕು. ಅಷ್ಟು ತಿಳಿದ ಮಗು ಆ ಬೇಲಿಯ ಮುಂದೆ ನಗುತ್ತಾ ಚಿತ್ರ ತೆಗೆಸಿಕೊಳ್ಳಲಾರದು.