ಇಳಿಜಾರಿನಲ್ಲಿ ಗಾಡಿ ನರಳಿದರೆ

ರೇಡಿಯೋ ಇರುವ ಮನೆಯವರಿಗೆ ಸದ್ದಿನ ಗುಣದೋಷಗಳನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪೆಟ್ಟಿಗೆಯಿಂದ ಗರಗರ ಸದ್ದು ಬಂದರೆ ಅದು ಮೋಡ ಮಿಂಚಿನಿಂದಲೋ, ನಿಲಯ ಸರಿಯಾಗಿ ಸಿಕ್ಕದಿದ್ದುದರಿಂದಲೋ, ಒಳಗಿನ ತಂತಿ ಸಡಿಲವಾದುದರಿಂದಲೋ ಎಂದು ನೀವು ತಿರುಪನ್ನು ಆಚೀಚೆ ತಿರುಗಿಸಿ ನೋಡುತ್ತೀರಿ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ರೋಗದ ಅರ್ಧ ತಿಳಿದಂತೆಯೇ ಸರಿ. ಇದೇ ವಿವೇಕ ಮೋಟಾರು ಗಾಡಿಗೂ ಸಲ್ಲುತ್ತದೆ.

ಬನಶಂಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡೀಸೆಲ್ ಸರಕು ಗಾಡಿಯೊಂದನ್ನು ಓಡಿಸಿ ಸಂಸಾರ ಸಾಗಿಸುತ್ತಾನೆ. ನೋಡಲು ಪಿಕಪ್ ಗಾಡಿಯಂತಿದ್ದರೂ ಅದಕ್ಕಿಂತ ತುಸು ದೊಡ್ಡದು. ಒಂದು ಸಂಜೆ ಜಯನಗರದ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಇಳಿಜಾರು ಬಂದರೆ ಸಾಕು, ಗಾಡಿ ಹಸು ನರಳಿದ ಹಾಗೆ ನರಳುತ್ತೆ. ಎಕ್ಸಾಸ್ಟ್ ಬ್ರೇಕಿನ ಸ್ವಿಚ್ಚು ಹಾಕಬೇಡ, ಸದ್ದು ತಾನೇ ನಿಲ್ಲುತ್ತೆ ಅಂತ ಒಬ್ಬರು ಹೇಳಿದರು. ನಾಡಿದ್ದು ಲೋಡು ತುಂಬಿಕೊಂಡು ಶಿರಾಡಿ ಘಾಟಿ ಇಳೀಬೇಕು" ಎಂದ. ವ್ಯಾಕರಣ ಹೇಳಿಕೊಡುವ ನನಗೆ ಯಂತ್ರದ ಗುಟ್ಟು ಎಲ್ಲಿಂದ ಬರಬೇಕು? "ನಡಿಯಪ್ಪ, ತಿಳಿದವರನ್ನೇ ಕೇಳೋಣ" ಎಂದು ಮರುದಿನ ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿಗೆ ಅವನೊಡನೆ ಹೋದೆ. ಅಲ್ಲಿ ಕಂಡು ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು, ಈ ಬ್ರೇಕು ಎಂದರೇನು? ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಾಳಿಯ ದಾರಿ ಕಿರಿದಾಗುತ್ತದೆ. ಎಂಜಿನ್ನು ಉಸಿರಿಗಾಗಿ ಎಳೆದಾಡಬೇಕಾಗಿ, ಗಾಡಿಯ ವೇಗ ತಗ್ಗುತ್ತದೆ. 1897ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ರೀತಿಯೇ ಬೇರೆ. ಅಲ್ಲಿ ಗಾಳಿಗೆ ಸಾಮಾನ್ಯವಾಗಿ ಅಂತಹ ತಡೆಯಿಲ್ಲ. ಚಿಮ್ಮುವ ಇಂಧನದ ಪ್ರಮಾಣ ಮಾತ್ರ ಹೆಚ್ಚು ಕಡಿಮೆಯಾಗುತ್ತದೆ. ಹಾಗೆ ಇಂಧನವನ್ನು ಅಳೆದು ಚಿಮ್ಮಿಸುವ ಪಂಪುಗಳ ತಯಾರಿಕೆಗೆ ನಮ್ಮ ಆಡುಗೋಡಿಯೇ ಹೆಸರಾಗಿತ್ತು. 1951ರಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯನ್ನು ಬೆಂಗಳೂರಿನ ಹಿರಿಯರು ಬಲ್ಲರು. 2008ರಿಂದ ಅದರ ಹೆಸರು ಬಾಷ್. ಇರಲಿ. ಗಾಳಿಗೆ ತಡೆಯಿಲ್ಲದ ಕಾರಣ, ಕಾಲು ತೆಗೆದರೂ ಡೀಸೆಲ್ ಗಾಡಿ ಇಳಿಜಾರಿನಲ್ಲಿ ಸಾಕಷ್ಟು ನಿಧಾನವಾಗದು.

ಅದಕ್ಕಾಗಿಯೇ ಭಾರದ ಗಾಡಿಗಳ ಹೊಗೆಕೊಳವೆಯೊಳಗೆ ಬಿಲ್ಲೆಯಂತಹ ಒಂದು ಮುಚ್ಚಳವನ್ನಿಡುತ್ತಾರೆ. ಚಾಲಕ ಸ್ವಿಚ್ಚು ಹಾಕಿ ಕಾಲು ತೆಗೆದಾಗ ಇಂಧನ ನಿಲ್ಲುತ್ತದೆ, ಮುಚ್ಚಳ ಅಡ್ಡವಾಗುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಅನೇಕ ಗಾಡಿಗಳಲ್ಲಿ ಹೊರಗಿನ ಒತ್ತಡದ 3-4 ಪಟ್ಟಿಗೆ ಏರುತ್ತದೆ. ಪಿಸ್ಟನ್ನುಗಳು ಈ ಒತ್ತಡಕ್ಕೆ ಎದುರಾಗಿ ತಳ್ಳಬೇಕಾದುದರಿಂದ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವಂತಾಗುತ್ತದೆ. ಆಗ ಸಣ್ಣಗೆ ಗುಂಯ್‌ಗುಡುವುದು ಸಹಜ. ಬ್ರೇಕು ಬಿಟ್ಟಾಗ ಒಮ್ಮೆ "ಟುಸ್" ಎನ್ನುವುದೂ ಸಹಜ. ಮಾಮೂಲಿನ ಸದ್ದು ಬದಲಾದರೆ ಮಾತ್ರ ವಿಚಾರಿಸಬೇಕು.

ಆ ಹಿರಿಯರು ಸುತ್ತಿಗೆಯನ್ನಾಗಲಿ ಸ್ಪ್ಯಾನರನ್ನಾಗಲಿ ಕೈಗೆತ್ತಿಕೊಳ್ಳಲಿಲ್ಲ, ಪ್ರಶ್ನೆಗಳನ್ನೇ ಕೇಳಿದರು. ಕಾಲುಬ್ರೇಕು ತುಳಿದಾಗ ಕೀರಲು ಸದ್ದು ಬರುತ್ತದೆಯೆ? ಹಾಗಿದ್ದರೆ ದೋಷ ಗಾಲಿಯ ಲೈನಿಂಗಿನಲ್ಲಿ, ಇದರಲ್ಲಲ್ಲ. ಸ್ವಿಚ್ಚು ಹಾಕದೆ ಇದ್ದಾಗಲೂ ಹೊಗೆಕೊಳವೆಯ ಬಳಿ ಕಟಕಟ ಎನ್ನುತ್ತದೆಯೆ? ಮುಚ್ಚಳದ ಕಂಬಿ ಸವೆದಿರಬಹುದು. ಬ್ರೇಕು ಬಿಟ್ಟ ಮೇಲೂ ಟುಸ್ಸೆನ್ನುವುದು ನಿಲ್ಲದೆ? ಗಾಳಿಯ ಪೈಪು ಸೋರುತ್ತಿದೆ; ಕೀಲಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಯೆದ್ದು ತೋರಿಸುತ್ತದೆ. ಏರುದಾರಿಯಲ್ಲಿ ಎಳೆಯುವ ಶಕ್ತಿ ಕುಗ್ಗಿ ಕರಿಹೊಗೆ ಬರುತ್ತದೆಯೆ? ಮಸಿ ಕಟ್ಟಿ ಮುಚ್ಚಳ ಪೂರ್ತಿ ತೆರೆಯುತ್ತಿಲ್ಲವೆಂದು ಶಂಕಿಸಬೇಕು. ಬ್ರೇಕು ಹಿಡಿದು ಎಂಜಿನ್ನು ಜೋರಾಗಿ ತಿರುಗುವಾಗ ತಲೆಯ ಭಾಗದಲ್ಲಿ ಟಕಟಕ ಎಂದರೆ, ಮಿತಿಮೀರಿದ ಒತ್ತಡ ಹೊಗೆಯ ವಾಲ್ವುಗಳನ್ನು ಸ್ಪ್ರಿಂಗಿಗೆ ವಿರುದ್ಧವಾಗಿ ಎತ್ತುತ್ತಿರಬಹುದು. ಅದನ್ನು ಒಂದು ದಿನವೂ ಅಲಕ್ಷಿಸಬಾರದು.

ನಮ್ಮ ಹುಡುಗನ ಗಾಡಿಯ ಸದ್ದು ಇವಾವುದೂ ಅಲ್ಲ. ಬ್ರೇಕು ಹಿಡಿದಾಗ ಮಾತ್ರ, ಎಂಜಿನ್ನಿನ ವೇಗದೊಡನೆ ಏರುವ ನರಳಾಟ. ಅದರ ಹಿಂದೆಯೇ ತಾಳ ಹಾಕಿದಂತೆ ಫುಸ್ ಫುಸ್. ಹಿರಿಯರು ಗಾಲಿಗೆ ಕಲ್ಲು ಕೊಡಿಸಿ, ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ದೀಪ ಹಿಡಿದು ನೋಡಿದರು. ಎಂಜಿನ್ನಿಗೂ ಮುಚ್ಚಳಕ್ಕೂ ನಡುವಿನ ಕೀಲಿನ ಮೇಲೆ ಬೀಸಣಿಗೆ ಬಿಡಿಸಿದಂತೆ ಕರಿಮಸಿಯ ಗೆರೆಗಳು. ಗ್ಯಾಸ್ಕೆಟ್ಟು ಸುಟ್ಟು ಹೋಗಿತ್ತು. ಮಾಮೂಲಿನ ಒತ್ತಡದಲ್ಲಿ ಸುಮ್ಮನಿದ್ದ ಸಂದು, ಮುಚ್ಚಳ ಮುಚ್ಚಿ ಒತ್ತಡ ಏರಿದೊಡನೆ ಕೊಳಲಿನ ತೂತಿನಂತೆ ದನಿ ತೆಗೆಯುತ್ತಿತ್ತು. ಸದ್ದಿನ ಜತೆಗೇ ಒತ್ತಡವೂ ಸೋರಿ, ಬ್ರೇಕಿನ ಹಿಡಿತವೂ ಕುಗ್ಗುತ್ತಿತ್ತು.

ಇನ್ನು, ಸ್ವಿಚ್ಚು ಹಾಕದೆ ಹೋಗೆಂಬ ಸಲಹೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ! ಸಕಲೇಶಪುರ ದಾಟಿ ಗುಂಡ್ಯದ ಕಡೆಗೆ ಇಳಿಯುವ ಆ ದಾರಿಯಲ್ಲಿ ಭಾರವನ್ನೆಲ್ಲ ಕಾಲುಬ್ರೇಕೊಂದೇ ಹೊರಬೇಕಾಗುತ್ತದೆ. ಒಂದೇ ಸಮನೆ ತುಳಿದರೆ ಲೈನಿಂಗು ಕಾದು ಹಿಡಿತ ಬಿಡುತ್ತದೆ. ದ್ರವದ ಬ್ರೇಕಾದರೆ ಆ ದ್ರವವೇ ಕುದಿಯಬಹುದು. ಆಮೇಲೆ ಎಷ್ಟು ತುಳಿದರೂ ಗಾಡಿ ನಿಲ್ಲದು. ಸದ್ದು ನಿಂತೀತು, ಪ್ರಾಣಕ್ಕೆ ಸಂಚಕಾರ ಬಂದೀತು.

ನಿಮ್ಮ ಮನೆಯಲ್ಲಿ ಗಾಡಿ ಓಡಿಸುವವರಿದ್ದರೆ ಎರಡು ಮಾತು ಹೇಳಿ. ಕಾದ ಹೊಗೆಕೊಳವೆಗೆ ಕೈಯಿಡಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಿ ಪರೀಕ್ಷೆ ಮಾಡಲೂ ಬಾರದು, ಏಕೆಂದರೆ ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮೊನಾಕ್ಸೈಡ್ ವಿಷವಿರುತ್ತದೆ. ಎರಡನೆಯದು, ಘಾಟಿಯ ತಲೆಯಲ್ಲೇ ಕೆಳಗಿನ ಗೇರಿಗೆ ಬಂದುಬಿಡಬೇಕು; ಅರ್ಧ ಇಳಿದ ಮೇಲೆ ಗೇರು ಹುಡುಕಬಾರದು.

ಹೊಸ ಗ್ಯಾಸ್ಕೆಟ್ಟು ಹಾಕಿಸಿದ ಮೇಲೆ ಹುಡುಗ ಒಂದು ದಿನ ತಡವಾಗಿಯೇ ಹೊರಟ. ಬಾಡಿಗೆಯಲ್ಲಿ ತುಸು ಕಡಿತವಾಯಿತಂತೆ. ಘಾಟಿ ಇಳಿದ ಮೇಲೆ ಫೋನು ಮಾಡಿ, "ಮೇಷ್ಟ್ರೇ, ಈಗ ನರಳಾಟ ಇಲ್ಲ, ಬರೀ ಗುಂಯ್ ಅನ್ನುತ್ತೆ" ಎಂದ. ಅದೇ ಆರೋಗ್ಯದ ದನಿ.