ಆದೇಶ ಸಾಲಿನ ವಾಕ್ಯಾರ್ಥ: ಸಿಂಪಲ್‌ಸ್ಕೇಲರ್ ಸಿಮ್ಯುಲೇಟರ್‌ನಲ್ಲಿ ಆಯ್ಕೆಗಳ ನಿರ್ವಹಣೆ

1. ಪೀಠಿಕೆ

ಕಂಪ್ಯೂಟರಿನ ಪ್ರೊಸೆಸರ್ ಒಂದನ್ನು ಸಿಲಿಕಾನ್ ಬಿಲ್ಲೆಯ ಮೇಲೆ ನಿರ್ಮಿಸುವುದು ಅಪಾರ ವೆಚ್ಚದ ಕೆಲಸ. ಆದ್ದರಿಂದ ಹೊಸ ವಿನ್ಯಾಸವು ಫಲಕಾರಿಯೇ ಅಲ್ಲವೇ ಎಂಬುದನ್ನು ಸಂಶೋಧಕರು ಮೊದಲು ತಂತ್ರಾಂಶದಲ್ಲಿಯೇ ಪರೀಕ್ಷಿಸುತ್ತಾರೆ. ಇನ್ನೂ ಇಲ್ಲದ ಪ್ರೊಸೆಸರ್ ಇದ್ದಿದ್ದರೆ ಹೇಗೆ ವರ್ತಿಸುತ್ತಿತ್ತು ಎಂಬುದನ್ನು ಅನುಕರಿಸಿ ತೋರಿಸುವ ಇಂತಹ ತಂತ್ರಾಂಶಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಿಂಪಲ್‌ಸ್ಕೇಲರ್ ಈ ಬಗೆಯ ತಂತ್ರಾಂಶಗಳಲ್ಲಿ ಬಹಳ ಪ್ರಸಿದ್ಧವಾದುದು. ಡಗ್ ಬರ್ಗರ್ ಮತ್ತು ಟಾಡ್ ಆಸ್ಟಿನ್ ಅವರು ಇದರ ಎರಡನೆಯ ಆವೃತ್ತಿಯನ್ನು ವಿವರಿಸುವ ವರದಿಯನ್ನು 1997ರಲ್ಲಿ ಪ್ರಕಟಿಸಿದರು. ಮುಂದಿನ ಹಲವು ವರ್ಷಗಳ ಕಾಲ ಪ್ರೊಸೆಸರ್ ವಿನ್ಯಾಸದ ಅಧ್ಯಯನಗಳು ಇದನ್ನು ವ್ಯಾಪಕವಾಗಿ ಅವಲಂಬಿಸಿದ್ದವು.

ಸಿಮ್ಯುಲೇಟರ್‌ಗೆ ಸ್ವಂತದ ಒಂದು ನಿಶ್ಚಿತ ರೂಪವಿಲ್ಲ. ಅದು ಯಾವ ಪ್ರೊಸೆಸರನ್ನು ಅನುಕರಿಸಬೇಕು ಎಂಬುದನ್ನು ಬಳಕೆದಾರನು ಆದೇಶ ಸಾಲಿನಲ್ಲಿ ಬರೆಯುವ ಆಯ್ಕೆಗಳು ನಿರ್ಧರಿಸುತ್ತವೆ. ಅಂದರೆ ಒಂದು ಸಾಲಿನ ಬರಹವೇ ಇಲ್ಲಿ ಯಂತ್ರದ ಲಕ್ಷಣವನ್ನು ಹೇಳುವ ವಾಕ್ಯ. ಆ ವಾಕ್ಯವನ್ನು ಸಿಮ್ಯುಲೇಟರ್ ಹೇಗೆ ಓದುತ್ತದೆ, ಎಷ್ಟರಮಟ್ಟಿಗೆ ಅರ್ಥಮಾಡಿಕೊಳ್ಳುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಾಕ್ಯಾರ್ಥ ಉಂಟಾಗಲು ನಮ್ಮ ಶಾಸ್ತ್ರಪರಂಪರೆಯು ಹೇಳುವ ಆಕಾಂಕ್ಷೆ, ಸನ್ನಿಧಿ, ಯೋಗ್ಯತೆ ಮತ್ತು ತಾತ್ಪರ್ಯಗಳೆಂಬ ಪರಿಕಲ್ಪನೆಗಳು ಈ ವಿವೇಚನೆಗೆ ಬಹುಮಟ್ಟಿಗೆ ನೆರವಾಗುತ್ತವೆ. ಉದಾಹರಣೆಗಳನ್ನು ಓದುಗರ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ; ಬಳಕೆಯಲ್ಲಿ ಇವೆಲ್ಲವನ್ನೂ ರೋಮನ್ ಲಿಪಿಯಲ್ಲಿಯೇ ಬರೆಯಬೇಕಾಗುತ್ತದೆ.

2. ಉತ್ಸರ್ಗ ಮತ್ತು ಅಪವಾದ

ಸಿಂಪಲ್‌ಸ್ಕೇಲರ್ ಎಂಬುದು ಹಲವು ಸಿಮ್ಯುಲೇಟರ್‌ಗಳ ಸಮೂಹ. ಇವುಗಳಲ್ಲಿ ಅತ್ಯಂತ ವಿವರವಾದುದು ‘ಸಿಮ್-ಔಟ್‌ಆರ್ಡರ್’. ಅದರ ಆಯ್ಕೆಗಳ ನಿರ್ವಹಣೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ನೋಂದಣಿ. ಪ್ರತಿಯೊಂದು ಆಯ್ಕೆಯ ಹೆಸರು, ವಿವರಣೆ, ಅದು ಪೂರ್ಣಾಂಕವೋ ಪದಪುಂಜವೋ ಎಂಬ ಜಾತಿ, ಮತ್ತು ಬಳಕೆದಾರನು ಏನನ್ನೂ ಹೇಳದಿದ್ದರೆ ಗ್ರಹಿಸಬೇಕಾದ ಮೌಲ್ಯ, ಇವಿಷ್ಟನ್ನೂ ಇಲ್ಲಿ ದಾಖಲಿಸಲಾಗುತ್ತದೆ. ಎರಡನೆಯದು ಆದೇಶ ಸಾಲಿನ ವಾಚನ. ಮೂರನೆಯದು ಓದಿದ ಮೌಲ್ಯಗಳ ಪರಿಶೀಲನೆ.

ವ್ಯಾಕರಣಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ನೋಂದಣಿಯಲ್ಲಿ ಕೊಟ್ಟ ಮೌಲ್ಯ ಉತ್ಸರ್ಗ, ಆದೇಶ ಸಾಲಿನಲ್ಲಿ ಬರೆದ ಮೌಲ್ಯ ಅಪವಾದ. ಅಪವಾದವಿರುವಲ್ಲಿ ಉತ್ಸರ್ಗವು ಹಿಂದೆ ಸರಿಯುತ್ತದೆ. ಇಲ್ಲದಲ್ಲಿ ತಾನೇ ಪ್ರವರ್ತಿಸುತ್ತದೆ. ಉದಾಹರಣೆಗೆ, ಕವಲೊಡೆಯುವ ಸೂಚನೆಗಳ ದಿಕ್ಕನ್ನು ಮುಂಚಿತವಾಗಿ ಊಹಿಸುವ ಘಟಕದ ಬಗೆಯನ್ನು ‘-ಬಿಪ್ರೆಡ್’ ಎಂಬ ಆಯ್ಕೆ ತಿಳಿಸುತ್ತದೆ. ಸಂಶೋಧಕನು ಇದರ ಕುರಿತು ಮೌನವಾಗಿದ್ದರೆ ‘ಬೈಮೋಡ್’ ಎಂಬ ಬಗೆಯೇ ಸಿದ್ಧವಾಗುತ್ತದೆ. ಆದ್ದರಿಂದ ಮೌನಕ್ಕೂ ಇಲ್ಲಿ ಅರ್ಥವಿದೆ. ಬರೆದದ್ದು ಮೂರೇ ಆಯ್ಕೆಗಳಾದರೂ ಅನುಕರಣೆಗೊಳ್ಳುವ ಯಂತ್ರವು ಹತ್ತಾರು ಮೌಲ್ಯಗಳಿಂದ ರಚಿತವಾಗಿರುತ್ತದೆ.

3. ಆಕಾಂಕ್ಷೆ ಮತ್ತು ಸನ್ನಿಧಿ

ಈಗ ಒಂದು ಆದೇಶ ಸಾಲನ್ನು ಗಮನಿಸಬಹುದು:

ಸಿಮ್-ಔಟ್‌ಆರ್ಡರ್ -ಮ್ಯಾಕ್ಸ್:ಇನ್ಸ್ಟ್ 1000000 -ಕ್ಯಾಶ್:ಡಿಎಲ್1 ಡಿಎಲ್1:64:32:8:ಎಲ್ ಟೆಸ್ಟ್-ಮ್ಯಾತ್

ಮೊದಲ ಪದವು ಸಿಮ್ಯುಲೇಟರ್‌ನ ಹೆಸರು. ಕೊನೆಯದು ಅದರೊಳಗೆ ಓಡಬೇಕಾದ ಪ್ರೋಗ್ರಾಮಿನ ಹೆಸರು. ನಡುವೆ ಅಡ್ಡಗೆರೆಯಿಂದ ಆರಂಭವಾಗುವ ಎರಡು ಆಯ್ಕೆಗಳಿವೆ. ‘-ಮ್ಯಾಕ್ಸ್:ಇನ್ಸ್ಟ್’ ಎಂಬುದು ಗರಿಷ್ಠ ಎಷ್ಟು ಸೂಚನೆಗಳವರೆಗೆ ಅನುಕರಣೆ ನಡೆಯಬೇಕೆಂದು ಹೇಳುತ್ತದೆ. ಈ ಪದವು ಒಂಟಿಯಾಗಿ ನಿಲ್ಲಲಾರದು, ಒಂದು ಸಂಖ್ಯೆಯನ್ನು ಅಪೇಕ್ಷಿಸುತ್ತದೆ. ಇದೇ ಆಕಾಂಕ್ಷೆ. ಸಂಖ್ಯೆಯು ಒದಗದಿದ್ದರೆ ಅಥವಾ ಆಯ್ಕೆಯ ಹೆಸರೇ ನೋಂದಣಿಯಲ್ಲಿ ಇಲ್ಲದಿದ್ದರೆ ಸಿಮ್ಯುಲೇಟರ್ ದೋಷವನ್ನು ಸಾರಿ ಅಲ್ಲಿಯೇ ನಿಲ್ಲುತ್ತದೆ.

ಸನ್ನಿಧಿಯ ನಿಯಮ ಇನ್ನೂ ಸೂಕ್ಷ್ಮವಾದುದು. ಸಾಲನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುವ ಸಿಮ್ಯುಲೇಟರ್, ಯಾವ ಆಯ್ಕೆಗೂ ಸೇರದ, ಅಡ್ಡಗೆರೆಯಿಲ್ಲದ ಮೊದಲ ಪದವು ಸಿಕ್ಕೊಡನೆ ಅದನ್ನು ಪ್ರೋಗ್ರಾಮಿನ ಹೆಸರೆಂದು ಗ್ರಹಿಸಿ ತನ್ನ ವಾಚನವನ್ನು ಮುಗಿಸಿಬಿಡುತ್ತದೆ. ಅಲ್ಲಿಂದ ಮುಂದಿನ ಪದಗಳೆಲ್ಲವೂ ಆ ಪ್ರೋಗ್ರಾಮಿಗೆ ಸಂದಾಯವಾಗುತ್ತವೆ. ಹೀಗೆ ಒಂದೇ ಸಾಲಿಗೆ ಇಬ್ಬರು ಕೇಳುಗರಿದ್ದಾರೆ. ಇಬ್ಬರನ್ನೂ ಬೇರ್ಪಡಿಸುವ ಗಡಿ ಪ್ರೋಗ್ರಾಮಿನ ಹೆಸರು. ‘-ಮ್ಯಾಕ್ಸ್:ಇನ್ಸ್ಟ್ 1000000’ ಎಂಬುದನ್ನು ‘ಟೆಸ್ಟ್-ಮ್ಯಾತ್’ ಎಂಬುದರ ನಂತರ ಬರೆದರೆ ಅದು ಸಿಮ್ಯುಲೇಟರ್‌ನ ಕಿವಿಗೆ ಬೀಳುವುದೇ ಇಲ್ಲ. ಆಗ ಪೂರ್ವನಿಗದಿತ ಮೌಲ್ಯವಾದ 0, ಅಂದರೆ ಮಿತಿಯಿಲ್ಲದ ಓಟ, ಜಾರಿಯಲ್ಲಿರುತ್ತದೆ. ಸಿಮ್ಯುಲೇಟರ್‌ನಿಂದ ದೋಷಸೂಚನೆಯೂ ಬರುವುದಿಲ್ಲ. ಪದಗಳು ಅವೇ ಆಗಿದ್ದರೂ ಸ್ಥಾನ ಬದಲಾದುದರಿಂದ ಅರ್ಥ ಬೇರೆಯಾಯಿತು. ವಿಭಕ್ತಿಪ್ರತ್ಯಯಗಳ ಬಲದಿಂದ ಪದಗಳನ್ನು ಬಹುಮಟ್ಟಿಗೆ ಹಿಂದುಮುಂದಾಗಿಸಬಲ್ಲ ಕನ್ನಡ ವಾಕ್ಯಕ್ಕೂ ಈ ವಾಕ್ಯಕ್ಕೂ ಇರುವ ವ್ಯತ್ಯಾಸ ಇದೇ.

4. ಯೋಗ್ಯತೆ

ಬೆಂಕಿಯಿಂದ ನೆನೆಸು ಎಂಬ ಮಾತಿನಲ್ಲಿ ಆಕಾಂಕ್ಷೆ, ಸನ್ನಿಧಿಗಳಿದ್ದರೂ ಯೋಗ್ಯತೆ ಇಲ್ಲವೆಂದು ಶಾಸ್ತ್ರಕಾರರು ಹೇಳುತ್ತಾರೆ. ನೆನೆಸುವ ಶಕ್ತಿ ಬೆಂಕಿಗಿಲ್ಲ. ಸಿಮ್ಯುಲೇಟರ್‌ನ ಮೂರನೆಯ ಹಂತವಾದ ಪರಿಶೀಲನೆಯು ಹುಡುಕುವುದು ಇಂತಹ ಅಯೋಗ್ಯತೆಯನ್ನೇ. ಸ್ಮೃತಿಯಿಂದ ತಂದ ಸೂಚನೆಗಳು ಸರದಿಯಲ್ಲಿ ನಿಲ್ಲುವ ಜಾಗದ ಗಾತ್ರವು 2ರ ಘಾತವಾಗಿರಬೇಕು ಎಂಬುದು ಸಿಮ್-ಔಟ್‌ಆರ್ಡರ್‌ನ ನಿಯಮ. ಆದ್ದರಿಂದ 4 ಅಥವಾ 8 ಎಂದರೆ ಅದು ಒಪ್ಪುತ್ತದೆ; 6 ಎಂದರೆ ನಿರಾಕರಿಸುತ್ತದೆ. 6 ಎಂಬುದು ಪೂರ್ಣಾಂಕವೇ ಆದರೂ ಆ ಸ್ಥಾನಕ್ಕೆ ಯೋಗ್ಯವಲ್ಲ.

ಕ್ಯಾಶ್ ಎಂಬ ಶೀಘ್ರಸ್ಮೃತಿಯ ವರ್ಣನೆ ಒಂದು ಸಮಾಸಪದದಂತಿದೆ. ‘ಡಿಎಲ್1:64:32:8:ಎಲ್’ ಎಂಬುದರಲ್ಲಿ ಕ್ರಮವಾಗಿ ಕ್ಯಾಶ್‌ನ ಹೆಸರು, ಗಣಗಳ ಸಂಖ್ಯೆ, ಒಂದು ಖಂಡದಲ್ಲಿರುವ ಬೈಟ್‌ಗಳು, ಒಂದು ಗಣದಲ್ಲಿರುವ ಖಂಡಗಳು, ಮತ್ತು ಜಾಗ ತುಂಬಿದಾಗ ಯಾವುದನ್ನು ತೆಗೆದುಹಾಕಬೇಕೆಂಬ ನೀತಿ ಅಡಗಿವೆ. ಕೊನೆಯ ‘ಎಲ್’ ಅಕ್ಷರವು ಬಹುಕಾಲದಿಂದ ಬಳಕೆಯಾಗದುದನ್ನು ಮೊದಲು ತೆಗೆಯುವ ನೀತಿಯನ್ನು ಸೂಚಿಸುತ್ತದೆ. ಮೂರು ಸಂಖ್ಯೆಗಳನ್ನು ಗುಣಿಸಿದರೆ 16,384 ಬೈಟ್, ಅಂದರೆ 16 ಕಿಲೋಬೈಟ್ ಆಗುತ್ತದೆ. ಐದು ಭಾಗಗಳಲ್ಲಿ ಒಂದು ಕಡಿಮೆಯಾದರೂ, ಗಣಗಳ ಸಂಖ್ಯೆ 2ರ ಘಾತವಲ್ಲದಿದ್ದರೂ ಸಿಮ್ಯುಲೇಟರ್ ಈ ಪದವನ್ನು ತಿರಸ್ಕರಿಸುತ್ತದೆ.

5. ತಾತ್ಪರ್ಯ

ಸೈಂಧವವನ್ನು ತಾ ಎಂದಾಗ ಊಟದ ಹೊತ್ತಿನಲ್ಲಿ ಉಪ್ಪನ್ನೂ ಪ್ರಯಾಣದ ಹೊತ್ತಿನಲ್ಲಿ ಕುದುರೆಯನ್ನೂ ತರಬೇಕಾಗುತ್ತದೆ. ಹೇಳುವವನ ಇಚ್ಛೆಯೇ ತಾತ್ಪರ್ಯ. ಇದನ್ನು ಪರಿಶೀಲಿಸುವ ಸಾಮರ್ಥ್ಯ ಸಿಮ್ಯುಲೇಟರ್‌ಗೆ ಇಲ್ಲ. ಪ್ರಸ್ತುತ ಸಮಸ್ಯೆಯ ಮರ್ಮ ಇಲ್ಲಿಯೇ ಇದೆ.

ಸಿಮ್-ಔಟ್‌ಆರ್ಡರ್‌ನ ಪೂರ್ವನಿಗದಿತ ದತ್ತಾಂಶ ಕ್ಯಾಶ್ ‘128:32:4’ ಎಂಬ ಅಳತೆಯದು. ಅದರ ಗಾತ್ರವೂ 16 ಕಿಲೋಬೈಟ್. ಒಟ್ಟು ಗಾತ್ರವನ್ನು ಬದಲಿಸದೆ, ಒಂದು ಗಣದಲ್ಲಿರುವ ಖಂಡಗಳನ್ನು 4ರಿಂದ 8ಕ್ಕೆ ಏರಿಸಿದರೆ ಲಾಭವಿದೆಯೇ ಎಂಬುದು ಸಂಶೋಧಕನ ಪ್ರಶ್ನೆಯಾಗಿರಲಿ. ಅದಕ್ಕೆ ‘64:32:8’ ಎಂದು ಬರೆಯಬೇಕು. ಕೈತಪ್ಪಿ ‘32:64:8’ ಎಂದು ಬರೆದರೆಂದು ಭಾವಿಸೋಣ. ಎಲ್ಲ ಸಂಖ್ಯೆಗಳೂ 2ರ ಘಾತಗಳೇ. ಗುಣಲಬ್ಧವೂ 16,384 ಬೈಟ್. ಆಕಾಂಕ್ಷೆ, ಸನ್ನಿಧಿ, ಯೋಗ್ಯತೆಗಳಲ್ಲಿ ಯಾವುದಕ್ಕೂ ಭಂಗವಿಲ್ಲ. ಸಿಮ್ಯುಲೇಟರ್ ನಿರಾತಂಕವಾಗಿ ಓಡಿ ಫಲಿತಾಂಶವನ್ನು ಕೊಡುತ್ತದೆ. ಆದರೆ ಈಗ ಖಂಡದ ಅಳತೆಯೂ 32 ಬೈಟ್‌ನಿಂದ 64ಕ್ಕೆ ಏರಿದೆ. ದೊಡ್ಡ ಖಂಡವು ಅಕ್ಕಪಕ್ಕದ ದತ್ತಾಂಶವನ್ನು ಒಮ್ಮೆಗೇ ತರುವುದರಿಂದ ಕ್ಯಾಶ್‌ನಲ್ಲಿ ಹುಡುಕಿದ್ದು ಸಿಗದೆ ಹೋಗುವ ಪ್ರಸಂಗಗಳು ಕಡಿಮೆಯಾಗಬಹುದು. ಅದರ ಶ್ರೇಯಸ್ಸನ್ನು ಸಂಶೋಧಕನು ಗಣರಚನೆಗೆ ಸಲ್ಲಿಸಿದರೆ ತೀರ್ಮಾನವೇ ಅಸಿಂಧುವಾಗುತ್ತದೆ. ಅಂಕಿಗಳು ಸತ್ಯವೇ, ಆದರೆ ಅವು ಬೇರೊಂದು ಯಂತ್ರದ ಅಂಕಿಗಳು.

6. ದಾಖಲೆಯ ಮಹತ್ವ

ಈ ಅಪಾಯಕ್ಕೆ ಸಿಂಪಲ್‌ಸ್ಕೇಲರ್ ಒದಗಿಸುವ ಪರಿಹಾರ ಸರಳವಾದುದು. ಅನುಕರಣೆಯ ಆರಂಭದಲ್ಲಿಯೇ ಅದು ತಾನು ಓದಿದ ಆದೇಶ ಸಾಲನ್ನೂ, ಹೇಳಿದ ಮತ್ತು ಹೇಳದೆ ಉಳಿದ ಎಲ್ಲ ಆಯ್ಕೆಗಳ ಮೌಲ್ಯಗಳನ್ನೂ ಮುದ್ರಿಸುತ್ತದೆ. ‘-ಡಂಪ್‌ಕಾನ್ಫಿಗ್’ ಎಂಬ ಆಯ್ಕೆಯ ಮೂಲಕ ಈ ಮೌಲ್ಯಗಳನ್ನು ಕಡತವೊಂದರಲ್ಲಿ ಉಳಿಸಬಹುದು. ‘-ಕಾನ್ಫಿಗ್’ ಮೂಲಕ ಅದೇ ಕಡತವನ್ನು ಮತ್ತೆ ಓದಿಸಬಹುದು. ಹೀಗೆ ಅಧ್ಯಾಹಾರವಾಗಿದ್ದ ಪದಗಳೆಲ್ಲ ಬೆಳಕಿಗೆ ಬಂದು ವಾಕ್ಯವು ಪೂರ್ಣರೂಪದಲ್ಲಿ ಕಾಣಿಸುತ್ತದೆ. ‘32:64:8’ ಎಂಬ ಬರಹವನ್ನು ತನ್ನ ಉದ್ದೇಶದೊಡನೆ ಹೋಲಿಸಿ ನೋಡುವ ಅವಕಾಶ ಸಂಶೋಧಕನಿಗೂ, ಆತನ ಬರಹವನ್ನು ಓದುವ ಇತರರಿಗೂ ದೊರೆಯುವುದು ಇಲ್ಲಿಯೇ.

ಮುಂದೆ ಬಂದ ಸಿಮ್ಯುಲೇಟರ್‌ಗಳೂ ಈ ಕ್ರಮವನ್ನು ಕೈಬಿಡಲಿಲ್ಲ. 2011ರಲ್ಲಿ ಪ್ರಬಂಧರೂಪದಲ್ಲಿ ಪರಿಚಯಗೊಂಡ ಜೆಮ್5 ಯಂತ್ರದ ವರ್ಣನೆಯನ್ನು ಪೈಥಾನ್ ಭಾಷೆಯ ಕಡತದಲ್ಲಿ ಪಡೆಯುತ್ತದೆ. ಅಲ್ಲಿಯೂ ಆ ಕಡತದ ಹೆಸರಿಗಿಂತ ಹಿಂದಿನ ಆಯ್ಕೆಗಳು ಸಿಮ್ಯುಲೇಟರ್‌ಗೆ, ಮುಂದಿನವು ಕಡತಕ್ಕೆ ಸಲ್ಲುತ್ತವೆ. ಪ್ರತಿ ಓಟದ ಸಂಪೂರ್ಣ ವಿನ್ಯಾಸವನ್ನು ಅದು ಫಲಿತಾಂಶದ ಜೊತೆಗೇ ಒಂದು ಕಡತವಾಗಿ ಬರೆದಿಡುತ್ತದೆ.

ಹಸ್ತಪ್ರತಿಯ ಆಧಾರವನ್ನು ಸೂಚಿಸದ ಪಾಠವನ್ನು ಗ್ರಂಥಸಂಪಾದನಾಶಾಸ್ತ್ರವು ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಸಿಮ್ಯುಲೇಟರ್‌ನ ಅಂಕಿಅಂಶಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆಕಾಂಕ್ಷೆ, ಸನ್ನಿಧಿ, ಯೋಗ್ಯತೆಗಳನ್ನು ಯಂತ್ರವು ನೋಡಿಕೊಳ್ಳಬಲ್ಲದು. ತಾತ್ಪರ್ಯದ ಹೊಣೆ ವಾಕ್ಯವನ್ನು ಬರೆದವನದು. ಆಯ್ಕೆಗಳ ಪೂರ್ಣ ಪಟ್ಟಿಯನ್ನು ಫಲಿತಾಂಶದೊಡನೆ ಪ್ರಕಟಿಸುವುದರಿಂದ ಮಾತ್ರ ಆ ಹೊಣೆಯನ್ನು ಇತರರು ಪರೀಕ್ಷಿಸಲು ಸಾಧ್ಯ.